ಹಗ್ಗ, ಕಡತ, ವೀರಗಲ್ಲು: ಚಿಕ್ಕ ಮಕ್ಕಳ ಕೈಗೆ ಇತಿಹಾಸ

ಎಂಟು-ಹತ್ತು ವರ್ಷದ ಮಕ್ಕಳಿಗೆ ಇತಿಹಾಸ ಹೇಳಿಕೊಡಲು ಹೊರಟಾಗ ನಾವು ಸಾಮಾನ್ಯವಾಗಿ ರಾಜರಿಂದ ಶುರು ಮಾಡುತ್ತೇವೆ. ಯಾವ ವಂಶ, ಯಾವ ಇಸವಿ, ಯಾರು ಯಾರನ್ನು ಸೋಲಿಸಿದರು. ಮಗು ಬಾಯಿಪಾಠ ಮಾಡಿ ಒಪ್ಪಿಸುತ್ತದೆ. ಆದರೆ ಆ ವಯಸ್ಸಿನಲ್ಲಿ ‘1117’ ಅಂದರೂ ‘ಅಜ್ಜಿ ಚಿಕ್ಕವಳಿದ್ದಾಗ’ ಅಂದರೂ ಒಂದೇ. ಎರಡೂ ‘ತುಂಬಾ ಹಿಂದೆ’.

ಅದೇ ಮಗು ತಾನಾಗಿ ಕೇಳುವ ಪ್ರಶ್ನೆ ಒಂದಿದೆ: ‘ಅದು ನಿಮಗೆ ಹೇಗೆ ಗೊತ್ತಾಯ್ತು ಮಿಸ್?’ ಈ ಪ್ರಶ್ನೆ ಬಂದ ದಿನ ಪಾಠ ನಿಲ್ಲಿಸಿ ಅದನ್ನೇ ಹಿಡಿದುಕೊಳ್ಳಿ. ಇತಿಹಾಸ ಬರೆಯುವವರು ಜೀವನಪೂರ್ತಿ ಕೇಳುವುದೂ ಇದನ್ನೇ. ಈ ಲೇಖನದಲ್ಲಿರುವ ಚಟುವಟಿಕೆಗಳೆಲ್ಲ ಮಕ್ಕಳು ಈ ಪ್ರಶ್ನೆಗೆ ತಮ್ಮ ಕೈಯಿಂದಲೇ ಉತ್ತರ ಹುಡುಕುವಂಥವು. ಮೂರರಿಂದ ಐದನೇ ತರಗತಿಗೆ ಸರಿಹೊಂದುತ್ತವೆ. ನಮ್ಮಲ್ಲಿ ಐದನೇ ತರಗತಿವರೆಗೆ ಇತಿಹಾಸಕ್ಕೆ ಬೇರೆ ಪುಸ್ತಕ ಇಲ್ಲ, ಪರಿಸರ ಅಧ್ಯಯನದೊಳಗೇ ಕುಟುಂಬ, ಮನೆ, ಊರು, ನೀರು ಎಲ್ಲ ಬರುತ್ತವೆ. ಇದು ಅನುಕೂಲವೇ. ಇಸವಿಗಳ ಒತ್ತಡ ಇಲ್ಲದೆ ಮಗುವಿನ ಮನೆಯಿಂದಲೇ ಹೊರಡಬಹುದು.

ಒಂದೇ ವಾರದಲ್ಲಿ ಎಲ್ಲ ಮಾಡಲು ಹೋಗಬೇಡಿ. ಹದಿನೈದು ದಿನಕ್ಕೊಂದು ಚಟುವಟಿಕೆ ಸಾಕು. ನಾನು ಕೊಟ್ಟಿರುವ ಕ್ರಮವನ್ನು ಮಾತ್ರ ಆದಷ್ಟು ಉಳಿಸಿಕೊಳ್ಳಿ. ಮೊದಲು ಮಗುವಿನ ಸ್ವಂತ ವಯಸ್ಸು, ಆಮೇಲೆ ಮನೆ, ಆಮೇಲೆ ಶಾಲೆ, ಊರು, ಕೊನೆಗೆ ಸಾವಿರ ವರ್ಷ ಹಿಂದಿನ ಕಲ್ಲು.

ಮೊದಲ ಹೆಜ್ಜೆ: ಕಾಲದ ಹಗ್ಗ

ಬೇಕಾದ್ದು: ಬಟ್ಟೆ ಒಣಗಿಸುವ ನೈಲಾನ್ ಹಗ್ಗ 25 ಮೀಟರ್, ಅಳತೆ ಟೇಪು, ಬಟ್ಟೆ ಕ್ಲಿಪ್ಪುಗಳು, ಹಳೆಯ ನೋಟ್‌ಬುಕ್ಕಿನ ರಟ್ಟಿನಲ್ಲಿ ಕತ್ತರಿಸಿದ ಚೀಟಿಗಳು.

ಅಳತೆ ತುಂಬಾ ಸುಲಭ. ಒಂದು ವರ್ಷಕ್ಕೆ ಒಂದು ಸೆಂಟಿಮೀಟರ್. ಹಗ್ಗದ ಒಂದು ತುದಿಗೆ ‘ಇವತ್ತು’ ಎಂಬ ಚೀಟಿ ಹಾಕಿ ಶಾಲೆಯ ಜಗಲಿಯಲ್ಲೋ ಆಟದ ಬಯಲಿನಲ್ಲೋ ಎಳೆದು ಕಟ್ಟಿ. ಮೊದಲ ಚೀಟಿ ಮಗುವಿನದೇ ಆಗಿರಲಿ. ಒಂಬತ್ತು ವರ್ಷದ ಹುಡುಗಿ ‘ಇವತ್ತಿ’ನಿಂದ ಒಂಬತ್ತು ಸೆಂಟಿಮೀಟರ್ ಅಳೆದು ‘ನಾನು ಹುಟ್ಟಿದ್ದು’ ಎಂದು ಕ್ಲಿಪ್ಪು ಹಾಕಲಿ. ಆಮೇಲೆ ಅಮ್ಮ, ಆಮೇಲೆ ಅಜ್ಜಿ. ಅಜ್ಜಿಯ ವಯಸ್ಸು ಅರವತ್ತೈದು ಅಂದರೆ ಅರವತ್ತೈದು ಸೆಂಟಿಮೀಟರ್. ಮಕ್ಕಳು ಇಲ್ಲಿ ಒಮ್ಮೆ ನಿಂತು ನೋಡುತ್ತಾರೆ, ನಿಲ್ಲಲು ಬಿಡಿ. ಅಜ್ಜಿಯ ಇಡೀ ಬದುಕು ಹಗ್ಗದ ಮೇಲೆ ಇಷ್ಟೇನಾ ಅನ್ನುವುದು ಅವರಿಗೆ ದೊಡ್ಡ ವಿಷಯ.

ಈಗ ದೂರದ ಚೀಟಿಗಳು. ದೇಶಕ್ಕೆ ಸ್ವಾತಂತ್ರ್ಯ ಬಂದ 1947 ಇನ್ನೂ ಎಂಬತ್ತು ಸೆಂಟಿಮೀಟರ್ ಒಳಗೇ ಇದೆ. ಮಗು ಎರಡೂ ಕೈ ಚಾಚಿದರೆ ಸಿಗುತ್ತದೆ. ಕೆಂಪೇಗೌಡರು ಬೆಂಗಳೂರು ಕಟ್ಟಿದ 1537ಕ್ಕೆ ಹೋಗಲು ಐದು ಮೀಟರ್ ಹತ್ತಿರ ನಡೆಯಬೇಕು. ವಿಜಯನಗರ ಶುರುವಾದ 1336 ಏಳು ಮೀಟರ್ ಸಮೀಪ. ಬೇಲೂರಿನ ಚೆನ್ನಕೇಶವ ದೇವಸ್ಥಾನದ 1117 ಒಂಬತ್ತು ಮೀಟರ್ ದಾಟಿ. ಹಲ್ಮಿಡಿ ಶಾಸನ ಸುಮಾರು 450ರದ್ದು, ಅದು ಹದಿನೈದೂ ಮುಕ್ಕಾಲು ಮೀಟರ್ ಆಚೆ. ಮಸ್ಕಿ, ಬ್ರಹ್ಮಗಿರಿಗಳ ಬಂಡೆಗಳ ಮೇಲೆ ಅಶೋಕನ ಮಾತು ಕೆತ್ತಿದ ಕಾಲ ಇನ್ನೂ ಹಿಂದೆ, ಇಪ್ಪತ್ತೆರಡು-ಇಪ್ಪತ್ತಮೂರು ಮೀಟರ್ ಹತ್ತಿರ. ಈ ಚೀಟಿಗಳನ್ನು ನೀವು ಹಾಕಬೇಡಿ. ಮಕ್ಕಳೇ ಕಳೆಯುವ ಲೆಕ್ಕ ಮಾಡಿ, ಟೇಪು ಹಿಡಿದು ಅಳೆದು ಹಾಕಲಿ. ಕ್ರಿಸ್ತಪೂರ್ವದ ಲೆಕ್ಕ ಈ ವಯಸ್ಸಿಗೆ ಗೊಂದಲ. ಅಶೋಕನ ಚೀಟಿಗೆ ‘ಸುಮಾರು 2,270 ವರ್ಷ ಹಿಂದೆ’ ಎಂದು ನೀವೇ ಹೇಳಿಬಿಡಿ, ಸಾಕು.

ಹಗ್ಗ ಮುಗಿದ ಮೇಲೆ ಒಂದು ಮಾತು ಸೇರಿಸಿ. ಯಾದಗಿರಿ ಜಿಲ್ಲೆಯ ಇಸಾಂಪುರದಲ್ಲಿ ಆದಿಮಾನವರು ಕಲ್ಲಿನ ಆಯುಧ ಮಾಡುತ್ತಿದ್ದ ಜಾಗ ಸಿಕ್ಕಿದೆ. ಅದಕ್ಕೆ ಸುಮಾರು 12 ಲಕ್ಷ ವರ್ಷ ಎಂದು ವಿದ್ವಾಂಸರು ಅಂದಾಜು ಮಾಡಿದ್ದಾರೆ. ನಮ್ಮ ಅಳತೆಯಲ್ಲಿ ಎಷ್ಟು ಹಗ್ಗ ಬೇಕು? ಹನ್ನೆರಡು ಕಿಲೋಮೀಟರ್! ನಿಮ್ಮ ಶಾಲೆಯಿಂದ ಅಷ್ಟು ದೂರದಲ್ಲಿ ಯಾವ ಊರು ಇದೆ ಎಂದು ಮಕ್ಕಳನ್ನೇ ಕೇಳಿ. ಬಸ್ಸಿನಲ್ಲಿ ಹೋಗಬೇಕಾದಷ್ಟು ದೂರದ ಹಗ್ಗ ಅವರ ತಲೆಯಲ್ಲಿ ಉಳಿಯುತ್ತದೆ.

ಯಾರಾದರೂ ಒಬ್ಬರು ‘ಇಲ್ಲಿ ಖಾಲಿ ಇದೆಯಲ್ಲ, ಆಗ ಯಾರೂ ಇರಲಿಲ್ವಾ?’ ಎಂದು ಕೇಳೇ ಕೇಳುತ್ತಾರೆ. ಇದ್ದರು. ಅವರ ಚೀಟಿ ನಾವಿನ್ನೂ ಹಾಕಿಲ್ಲ, ಅಷ್ಟೇ. ವರ್ಷಪೂರ್ತಿ ಹಗ್ಗವನ್ನು ತೆಗೆಯಬೇಡಿ. ಮುಂದಿನ ಪ್ರತಿ ಚಟುವಟಿಕೆಯಿಂದ ಒಂದೆರಡು ಚೀಟಿ ಇದರ ಮೇಲೆ ಬಂದು ಕೂರಬೇಕು.

ಎರಡನೇ ಹೆಜ್ಜೆ: ಮನೆಯ ಹಳೆ ಸಾಮಾನು

ಪ್ರತಿ ಮಗು ಮನೆಯಿಂದ ಒಂದು ಹಳೆಯ ವಸ್ತು ತರಲಿ. ಪಾವು, ಸೇರು, ಬುಡ್ಡಿ ದೀಪ, ಲಾಟೀನು, ಹಿತ್ತಾಳೆ ಚೊಂಬು, ಅಳಗುಳಿ ಮಣೆ, ಇನ್‌ಲ್ಯಾಂಡ್ ಕಾಗದ, ಹಳೆ ಲಗ್ನಪತ್ರಿಕೆ, ರೇಡಿಯೋ, ಹಳೆ ರೇಷನ್ ಕಾರ್ಡು, ಏನಾದರೂ ಸರಿ. ಚಿನ್ನ, ಬೆಳ್ಳಿ, ಮನೆ-ಜಮೀನಿನ ಆಸ್ತಿ ಪತ್ರ ಬೇಡ ಎಂದು ಮೊದಲೇ ಹೇಳಿಕಳಿಸಿ. ತರಲಾಗದ ಬೀಸುಕಲ್ಲು, ಒರಳನ್ನು ಮಗು ಚಿತ್ರ ಬರೆದು ತರಬಹುದು. ಮನೆಯಲ್ಲಿ ಹಳೆಯದು ಏನೂ ಇಲ್ಲದ ಮಕ್ಕಳೂ ಇರುತ್ತಾರೆ. ವಲಸೆ ಬಂದ ಕೂಲಿ ಕುಟುಂಬದ ಮಗುವಿಗೆ ಮುಜುಗರ ಆಗಬಾರದು. ಅದಕ್ಕೇ ನೀವೇ ನಾಲ್ಕಾರು ವಸ್ತು ತಂದಿಟ್ಟು ‘ಇದರಲ್ಲಿ ಒಂದನ್ನು ಆರಿಸಿಕೋ’ ಅನ್ನಿ.

ವಸ್ತುವಿನ ಹೆಸರು ಹೇಳಿ ಮುಗಿಸಿದರೆ ಅದು ಪ್ರದರ್ಶನ ಆಗುತ್ತದೆ, ಪಾಠ ಆಗುವುದಿಲ್ಲ. ಇಬ್ಬಿಬ್ಬರಿಗೆ ಒಂದು ವಸ್ತು ಕೊಟ್ಟು ಮೂರು ಪ್ರಶ್ನೆ ಹಾಕಿ. ಯಾವುದರಿಂದ ಮಾಡಿದ್ದು? ಎಲ್ಲಿ ಸವೆದಿದೆ? ಇದರ ಮೇಲೆ ಏನಾದರೂ ಬರೆದಿದೆಯಾ?

ಸವೆದ ಜಾಗದ ಪ್ರಶ್ನೆ ನನಗೆ ತುಂಬಾ ಇಷ್ಟ. ಒರಳಿನ ಗುಂಡಿ ಯಾವ ಕಡೆ ಜಾಸ್ತಿ ಸವೆದಿದೆ? ಮಣೆಯ ಯಾವ ತುದಿ ನುಣುಪಾಗಿದೆ? ಬಾವಿಕಟ್ಟೆಯ ಕಲ್ಲಿನಲ್ಲಿ ಹಗ್ಗ ಉಜ್ಜಿ ಬಿದ್ದ ಗೀರು ಎಷ್ಟು ಆಳ? ಹೆಸರು ಎಲ್ಲೂ ಬರೆದಿಡದ ಹೆಂಗಸರ ದುಡಿಮೆ ಈ ಗುರುತುಗಳಲ್ಲಿದೆ. ಬೀಸುಕಲ್ಲು ಸಿಕ್ಕರೆ ಒಂದು ಹಿಡಿ ರಾಗಿ ಹಾಕಿ ಮಕ್ಕಳೇ ಬೀಸಲಿ. ಗಡಿಯಾರ ನೋಡಿ ಎಷ್ಟು ಹೊತ್ತು ಹಿಡಿಯಿತು ಬರೆದುಕೊಳ್ಳಲಿ. ಆರು ಜನರ ಮನೆಗೆ ಮುದ್ದೆ ಆಗುವಷ್ಟು ಹಿಟ್ಟು ಬೇಕು ಅಂದರೆ ಅಜ್ಜಿ ಎಷ್ಟು ಗಂಟೆಗೆ ಏಳುತ್ತಿದ್ದಳು? ಈ ಲೆಕ್ಕವನ್ನು ಮಕ್ಕಳು ಮನೆಗೆ ಹೋಗಿ ಅಜ್ಜಿಯನ್ನೇ ಕೇಳುತ್ತಾರೆ. ಬೀಸುವಾಗ ಹಾಡುತ್ತಿದ್ದ ಪದಗಳೂ ಆಗ ಹೊರಬರುತ್ತವೆ.

ಮೂರನೇ ಪ್ರಶ್ನೆ ಮುಂದಿನ ಪಾಠಗಳಿಗೆಲ್ಲ ಬಾಗಿಲು. ನಮ್ಮ ಮನೆಗಳಲ್ಲಿ ಮದುವೆಗೆ ಕೊಟ್ಟ ಪಾತ್ರೆಗಳ ಮೇಲೆ ಹೆಸರು ಕೆತ್ತಿಸುವ ರೂಢಿ ಇದೆ ಅಲ್ವಾ? ಬಿಂದಿಗೆ, ಕೊಳಗ, ಸ್ಟೀಲ್ ಡಬ್ಬಿ ತಿರುಗಿಸಿ ನೋಡಿದರೆ ಯಾರು ಕೊಟ್ಟರು, ಯಾರ ಮದುವೆಗೆ, ಯಾವ ತಾರೀಕು ಎಂದು ಚುಕ್ಕಿ ಚುಕ್ಕಿಯಾಗಿ ಕೆತ್ತಿರುತ್ತದೆ. ಆ ಬರಹವನ್ನು ಮಗು ತನ್ನ ಪುಸ್ತಕಕ್ಕೆ ಹಾಗೇ ಇಳಿಸಿಕೊಳ್ಳಲಿ. ಹಳೆಯ ದಾನಶಾಸನಗಳಲ್ಲೂ ಇರುವುದು ಮುಖ್ಯವಾಗಿ ಇದೇ: ಯಾರು, ಯಾರಿಗೆ, ಏನನ್ನು, ಯಾವಾಗ ಕೊಟ್ಟರು. ಶಾಸನ ಅಂದರೆ ಏನು ಎಂದು ಮುಂದೆ ವಿವರಿಸುವ ಕಷ್ಟ ನಿಮಗೆ ಉಳಿಯುವುದಿಲ್ಲ. ಅದು ಅವರ ಅಡುಗೆಮನೆಯಲ್ಲೇ ಇದೆ.

ನಾಣ್ಯಗಳನ್ನು ಇದರ ಜೊತೆಗೇ ಮಾಡಿಬಿಡಿ. ನಾಣ್ಯದ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಅಡ್ಡ ಹಿಡಿದು ಉಜ್ಜಿದರೆ ಅಚ್ಚು ಮೂಡುತ್ತದೆ. ಇಸವಿ ನೋಡಿ ಸಾಲಾಗಿ ಜೋಡಿಸಲಿ. ಮೂಲೆಮೂಲೆ ಇರುವ ಹಗುರ ಅಲ್ಯೂಮಿನಿಯಂ ಮೂರು ಪೈಸೆ ಸಿಕ್ಕರೆ ಮಕ್ಕಳಿಗೆ ಹಬ್ಬ. 1957ರ ಏಪ್ರಿಲ್ 1ರಿಂದ ರೂಪಾಯಿಗೆ ನೂರು ಪೈಸೆ ಆಯಿತು, ಅದಕ್ಕೂ ಮುಂಚೆ ರೂಪಾಯಿಗೆ ಹದಿನಾರು ಆಣೆ. ಹದಿನಾರು ಆಣೆಯ ಅಂಗಡಿ ಆಟ ಆಡಿಸಿದರೆ ಗಣಿತದ ಪಾಠವೂ ಆಗುತ್ತದೆ.

ಮೂರನೇ ಹೆಜ್ಜೆ: ಶಾಲೆಯ ಬೀರುವಿನಲ್ಲಿರುವ ನಿಧಿ

ಹಳೆಯ ಸರ್ಕಾರಿ ಶಾಲೆಗಳಲ್ಲಿ ದಾಖಲಾತಿ ಪುಸ್ತಕ ಇರುತ್ತದೆ. ಎಷ್ಟೋ ಮಕ್ಕಳ ಅಜ್ಜ-ಅಜ್ಜಿಯರ ಹೆಸರು ಅದರಲ್ಲಿರುತ್ತದೆ. ಮುಖ್ಯ ಶಿಕ್ಷಕರ ಒಪ್ಪಿಗೆ ಪಡೆಯಿರಿ. ಆದರೆ ಪುಸ್ತಕವನ್ನು ಮಕ್ಕಳ ಕೈಗೆ ಕೊಡಬೇಡಿ. ಒಂದು, ಹಾಳೆಗಳು ಪುಡಿಯಾಗುವಂತಿರುತ್ತವೆ. ಎರಡು, ಅದರಲ್ಲಿ ಜಾತಿಯ ಕಾಲಂ ಇರುತ್ತದೆ. ಬೇಕಾದ ವರ್ಷದ ಇಪ್ಪತ್ತು ಸಾಲುಗಳನ್ನು ನೀವೇ ಬಿಳಿ ಹಾಳೆಗೆ ಇಳಿಸಿಕೊಳ್ಳಿ. ಸೇರಿದ ದಿನ, ಹುಟ್ಟಿದ ದಿನ, ತಂದೆಯ ಕಸುಬು, ಶಾಲೆ ಬಿಟ್ಟ ತರಗತಿ, ಗಂಡೋ ಹೆಣ್ಣೋ, ಇಷ್ಟು ಸಾಕು. ಹೆಸರು ಬೇಡ.

ಮಕ್ಕಳು ಎಣಿಸಲಿ. ಆ ವರ್ಷ ಸೇರಿದ ಹುಡುಗಿಯರು ಎಷ್ಟು? ಎಷ್ಟು ಜನ ನಾಲ್ಕನೇ ತರಗತಿಗೇ ಬಿಟ್ಟರು? ಈಗ ನಮ್ಮ ತರಗತಿಯಲ್ಲಿ ಎಷ್ಟು ಹುಡುಗಿಯರು? ಬೆಂಕಿಪೊಟ್ಟಣ ಜೋಡಿಸಿ ಎರಡು ಕಂಬ ಮಾಡಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಹುಟ್ಟಿದ ದಿನದ ಕಾಲಂ ನೋಡಿದರೆ ಇನ್ನೊಂದು ಸಂಗತಿ ಸಿಗುವ ಸಾಧ್ಯತೆ ಜಾಸ್ತಿ. ಜೂನ್ 1, ಜೂನ್ 1, ಮತ್ತೆ ಜೂನ್ 1. ‘ಇವರೆಲ್ಲ ಒಂದೇ ದಿನ ಹುಟ್ಟಿದ್ರಾ?’ ಎಂದು ಮಕ್ಕಳು ಕೇಳುವವರೆಗೆ ಕಾಯಿರಿ. ಹುಟ್ಟಿದ ತಾರೀಕು ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಲೆಕ್ಕಕ್ಕೆ ಸರಿಹೋಗುವಂತೆ ಒಂದು ತಾರೀಕು ಬರೆದುಕೊಂಡರು. ಸರ್ಕಾರಿ ಪುಸ್ತಕದಲ್ಲಿ ಶಾಯಿಯಲ್ಲಿ ಬರೆದ ಮಾತ್ರಕ್ಕೆ ಅದು ನಿಜವೇ ಆಗಿರಬೇಕಿಲ್ಲ ಎಂಬುದನ್ನು ಹತ್ತು ವರ್ಷದ ಮಗು ತನ್ನ ತಾತನ ಜನ್ಮದಿನದಿಂದಲೇ ಕಲಿಯುತ್ತದೆ. ಈ ಒಂದು ಪಾಠಕ್ಕಾಗಿಯೇ ಆ ಪುಸ್ತಕ ತೆರೆಯಬೇಕು.

ನಾಲ್ಕನೇ ಹೆಜ್ಜೆ: ಹಿರಿಯರ ಮಾತು

ಊರಿನ ಇಬ್ಬರು ಅಥವಾ ಮೂವರು ಹಿರಿಯರನ್ನು ತರಗತಿಗೆ ಕರೆಯಿರಿ. ಒಬ್ಬರೇ ಬೇಡ. ಇಬ್ಬರು ಬಂದರೆ ಅವರ ಮಾತು ಒಂದಕ್ಕೊಂದು ಹೊಂದದಿರುವ ಜಾಗ ಸಿಗುತ್ತದೆ, ಅಲ್ಲಿಯೇ ಕಲಿಕೆ ಇದೆ. ‘ಊರಿಗೆ ಕರೆಂಟ್ ಬಂದದ್ದು ಯಾವಾಗ?’ ಎಂದು ಕೇಳಿ. ಒಬ್ಬರು ಒಂದು ವರ್ಷ ಹೇಳುತ್ತಾರೆ, ಇನ್ನೊಬ್ಬರು ‘ಇಲ್ಲ ಇಲ್ಲ, ನನ್ನ ಮದುವೆ ಆದಮೇಲೆ’ ಅನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಒಬ್ಬರ ಕೇರಿಗೆ ಮೊದಲು ಬಂದಿರಬಹುದು, ಇನ್ನೊಬ್ಬರ ಕೇರಿಗೆ ತಡವಾಗಿ. ಹಾಗಿದ್ದರೆ ಎಲ್ಲಿ ಹುಡುಕಬೇಕು? ಹಳೆಯ ಬಿಲ್ಲು, ಪಂಚಾಯಿತಿಯ ಕಡತ, ದೇವಸ್ಥಾನದ ಗೋಡೆಯ ಫಲಕ. ಮಕ್ಕಳೇ ಪಟ್ಟಿ ಮಾಡಲಿ.

ಪ್ರಶ್ನೆಗಳನ್ನು ಹಿಂದಿನ ದಿನವೇ ಸಿದ್ಧ ಮಾಡಿಸಿ, ಐದಕ್ಕಿಂತ ಹೆಚ್ಚು ಬೇಡ. ‘ನಿಮ್ಮ ಕಾಲ ಹೇಗಿತ್ತು?’ ಎಂಬ ಪ್ರಶ್ನೆಗೆ ‘ಚೆನ್ನಾಗಿತ್ತಪ್ಪ’ ಎಂಬ ಉತ್ತರ ಬಂದು ಮುಗಿದುಹೋಗುತ್ತದೆ. ‘ನನ್ನಷ್ಟು ಇದ್ದಾಗ ಬೆಳಗ್ಗೆ ಏನು ತಿಂತಿದ್ರಿ?’, ‘ನೀರು ಯಾರು ತರ್ತಿದ್ರು, ಎಲ್ಲಿಂದ?’, ‘ಶಾಲೆಗೆ ಚಪ್ಪಲಿ ಇತ್ತಾ?’, ಇಂಥ ಸಣ್ಣ ಪ್ರಶ್ನೆಗಳಿಗೆ ದೊಡ್ಡ ಉತ್ತರ ಬರುತ್ತದೆ.

ಇಲ್ಲಿ ಗಟ್ಟಿಯಾಗಿ ಹೇಳಬೇಕಾದ ಮಾತು ಇದೆ. ನೀರಿನ ಪ್ರಶ್ನೆ ಕೇಳಿದರೆ ಜಾತಿಯ ಮಾತು ಬರುತ್ತದೆ. ‘ಆ ಬಾವಿ ನಾವು ಮುಟ್ಟಂಗಿರಲಿಲ್ಲ ಮಗಾ’ ಎಂದು ಒಬ್ಬ ಅಜ್ಜಿ ಹೇಳಬಹುದು. ಆಗ ಮಾತು ತಿರುಗಿಸಬೇಡಿ. ಅದು ನಡೆದದ್ದು, ಅದು ಅನ್ಯಾಯ, ಈಗ ಅದು ಅಪರಾಧ ಎಂದು ಸರಳವಾಗಿ, ನೇರವಾಗಿ ಹೇಳಿ. ಆದರೆ ಆ ಮನೆಯ ಮಗುವನ್ನು ಎದ್ದು ನಿಲ್ಲಿಸಿ ‘ನಿಮ್ಮ ಮನೆಯ ಕಥೆ ಹೇಳು’ ಎಂದು ಎಂದಿಗೂ ಕೇಳಬಾರದು. ಹಿರಿಯರಿಗೂ ಮೊದಲೇ ತಿಳಿಸಿ, ಯಾವುದು ಹೇಳಬೇಕು ಅನ್ನುವುದು ಅವರ ಇಷ್ಟ.

ಐದನೇ ಹೆಜ್ಜೆ: ಕಡತ ಮಾಡುವುದು

ಎಲ್ಲ ಚಟುವಟಿಕೆಗಳಲ್ಲಿ ನನಗೆ ಹೆಚ್ಚು ಪ್ರೀತಿ ಇದರ ಮೇಲೆ. ಕಾಗದ ಅಪರೂಪವಾಗಿದ್ದ ಕಾಲದಲ್ಲಿ ನಮ್ಮ ನಾಡಿನ ಅಂಗಡಿಗಳಲ್ಲಿ, ಮಠಗಳಲ್ಲಿ, ಊರ ಶಾನುಭೋಗರ ಬಳಿ ಲೆಕ್ಕ ಇಡುತ್ತಿದ್ದದ್ದು ಬಟ್ಟೆಯ ಪುಸ್ತಕದಲ್ಲಿ. ಹತ್ತಿ ಬಟ್ಟೆಗೆ ಹುಣಸೆ ಬೀಜದ ಅಂಟು ಮತ್ತು ಇದ್ದಿಲು ಪುಡಿ ಬಳಿದು ಒಣಗಿಸುತ್ತಿದ್ದರು. ಆ ಉದ್ದನೆಯ ಕಪ್ಪು ಬಟ್ಟೆಯನ್ನು ಕತ್ತರಿಸದೆ ಹಿಂದೆ-ಮುಂದೆ ಮಡಚಿ, ಎರಡು ತುದಿಗೂ ಮರದ ಹಲಗೆ ಅಂಟಿಸಿ, ಬಳಪದಿಂದ ಬರೆಯುತ್ತಿದ್ದರು. ಅದೇ ಕಡತ. ಶೃಂಗೇರಿ ಮಠದಲ್ಲಿ ಇಂಥ ಕಡತಗಳು ಉಳಿದಿವೆ. ಈಗ ಸರ್ಕಾರಿ ಕಚೇರಿಯ ಫೈಲಿಗೆ ನಾವು ಹೇಳುವುದೂ ಇದೇ ಹೆಸರನ್ನು.

ಮಾಡುವ ಬಗೆ:

1. ಹಳೆಯ ಬಿಳಿ ಹತ್ತಿ ಪಂಚೆಯಿಂದ ಒಂದು ಗೇಣು ಅಗಲ, ಎರಡು ಮೀಟರ್ ಉದ್ದದ ಪಟ್ಟಿ ಹರಿದುಕೊಳ್ಳಿ. ನಾಲ್ಕೈದು ಮಕ್ಕಳಿಗೆ ಒಂದು ಪಟ್ಟಿ. ಪಾಲಿಯೆಸ್ಟರ್ ಬಟ್ಟೆ ಬೇಡ, ಅಂಟು ಹಿಡಿಯುವುದಿಲ್ಲ.

2. ಹುಣಸೆ ಬೀಜ ಹುರಿದು, ಸಿಪ್ಪೆ ತೆಗೆದು, ರಾತ್ರಿ ನೆನೆಹಾಕಿ, ರುಬ್ಬಿ, ನೀರು ಸೇರಿಸಿ ಅಂಬಲಿಯಷ್ಟು ಹದಕ್ಕೆ ಕುದಿಸಿ. ಇದನ್ನು ದೊಡ್ಡವರೇ ಮನೆಯಲ್ಲಿ ಮಾಡಿ ತರಬೇಕು. ಮಕ್ಕಳು ಒಲೆ ಹತ್ತಿರ ಬೇಡ. ಹುಣಸೆ ಬೀಜ ಸಿಗದಿದ್ದರೆ ಮೈದಾ ಅಂಟು ನಡೆಯುತ್ತದೆ. ಆದರೆ ಬೀಜ ಒಡೆದು ನೋಡುವ ಖುಷಿ ತಪ್ಪುತ್ತದೆ.

3. ಇದ್ದಿಲನ್ನು ನುಣ್ಣಗೆ ಕುಟ್ಟಿ ಬಟ್ಟೆಯಲ್ಲಿ ಜರಡಿ ಹಿಡಿಯಿರಿ. ಕುಟ್ಟುವಾಗ ಸ್ವಲ್ಪ ನೀರು ಚಿಮುಕಿಸಿದರೆ ಪುಡಿ ಮೂಗಿಗೆ ಹಾರುವುದಿಲ್ಲ. ಅಂಟಿಗೆ ಕಲಸಿ.

4. ಹಳೆಯ ಪೇಪರ್ ಹಾಸಿ, ಪಟ್ಟಿ ಎಳೆದು, ಮಕ್ಕಳು ಕೈಯಿಂದಲೋ ಬ್ರಷ್ಷಿನಿಂದಲೋ ತೆಳ್ಳಗೆ ಬಳಿಯಲಿ. ಬಿಸಿಲಿಗೆ ಒಣಗಿಸಿ. ಇನ್ನೊಂದು ಮಗ್ಗುಲು. ಹೀಗೆ ಎರಡು-ಮೂರು ಸಲ. ದಪ್ಪಗೆ ಬಳಿದರೆ ಮಡಚುವಾಗ ಬಿರಿಯುತ್ತದೆ.

5. ಪೂರ್ತಿ ಒಣಗಿದ ಮೇಲೆ ನುಣುಪು ಕಲ್ಲಿನಿಂದ ಉಜ್ಜಿ, ಮಡಚಿ, ಎರಡು ತುದಿಗೆ ರಟ್ಟು ಅಂಟಿಸಿ.

ಮಳೆಗಾಲದಲ್ಲಿ ಇದನ್ನು ಹಿಡಿಯಬೇಡಿ, ಒಣಗುವುದಿಲ್ಲ. ದೀಪಾವಳಿ ಆದಮೇಲೆ ಸರಿಯಾದ ಸಮಯ. ಯೂನಿಫಾರ್ಮ್ ಮೇಲೆ ಹಳೆಯ ಅಂಗಿ ಹಾಕಿಸಿ, ಇಲ್ಲದಿದ್ದರೆ ಸಂಜೆ ಅಮ್ಮಂದಿರ ಕೋಪ ನಿಮ್ಮ ಮೇಲೆ.

ಏನು ಬರೆಯಿಸುವುದು? ಗಾದೆ, ಸುಭಾಷಿತ ಬರೆಯಿಸುವ ಆಸೆ ಆಗುತ್ತದೆ. ಬೇಡ. ಕಡತ ಇದ್ದದ್ದು ಲೆಕ್ಕಕ್ಕೆ. ಇವತ್ತು ಬಿಸಿಯೂಟಕ್ಕೆ ಎಷ್ಟು ಮಕ್ಕಳು, ಎಷ್ಟು ಅಕ್ಕಿ, ಯಾವ ತರಕಾರಿ, ಇದನ್ನು ದಿನಾ ಒಂದು ಗುಂಪು ಬಳಪದಿಂದ ಬರೆಯಲಿ. ಎರಡು ವಾರ ಆದಮೇಲೆ ಪುಟಗಳು ತುಂಬುತ್ತವೆ. ಆಗ ಒಂದು ಪುಟವನ್ನು ಒದ್ದೆ ಬಟ್ಟೆಯಿಂದ ಒರೆಸಲು ಹೇಳಿ. ಅಕ್ಷರ ಹೋಯಿತು. ‘ಹೋದ ಸೋಮವಾರ ಎಷ್ಟು ಜನ ಊಟ ಮಾಡಿದ್ರು?’ ಇನ್ನು ಯಾರಿಗೂ ಗೊತ್ತಿಲ್ಲ. ಹಳೆಯ ಕಾಲದ ಬಗ್ಗೆ ಕೆಲವು ವಿಷಯ ತುಂಬಾ ಗೊತ್ತು, ಕೆಲವು ಏನೇನೂ ಗೊತ್ತಿಲ್ಲ, ಯಾಕೆ ಎಂಬ ಪ್ರಶ್ನೆಗೆ ಮಕ್ಕಳೇ ಉತ್ತರ ಕೊಡುತ್ತಾರೆ. ಕಲ್ಲು, ತಾಮ್ರದ ತಗಡು, ಓಲೆಗರಿ, ಕಡತ, ಕಾಗದ, ಮೊಬೈಲು, ಇವುಗಳಲ್ಲಿ ಯಾವುದು ಎಷ್ಟು ಕಾಲ ಉಳಿದೀತು ಎಂದು ಚರ್ಚೆ ಮಾಡಿಸಿ. ಮಳೆ ಬಂದರೆ ಯಾವುದು ಹೋಗುತ್ತದೆ, ಗೆದ್ದಲು ಹಿಡಿದರೆ ಯಾವುದು, ಬೆಂಕಿ ಬಿದ್ದರೆ ಯಾವುದು? ಕಲ್ಲಿನ ಮೇಲೆ ಬರೆಸಲು ಯಾರ ಹತ್ತಿರ ದುಡ್ಡಿತ್ತು ಎಂಬ ಪ್ರಶ್ನೆಯನ್ನು ನೀವು ಸೇರಿಸಿ.

ಆರನೇ ಹೆಜ್ಜೆ: ವೀರಗಲ್ಲಿನ ಹತ್ತಿರ

ಕರ್ನಾಟಕದಲ್ಲಿ ವೀರಗಲ್ಲು ಇಲ್ಲದ ಹೋಬಳಿ ಸಿಗುವುದು ಕಷ್ಟ. ಕೆರೆ ಏರಿಯ ಮೇಲೆ, ಊರಬಾಗಿಲಲ್ಲಿ, ಹೊಲದ ಬದುವಿನಲ್ಲಿ ನಿಂತಿರುತ್ತವೆ. ಮಕ್ಕಳು ದಿನಾ ನೋಡುತ್ತಾರೆ, ಓದುವುದಿಲ್ಲ.

ಓದುವುದನ್ನು ತರಗತಿಯಲ್ಲೇ ಕಲಿಸಿ. ಕಿಟಕಿ ಮುಚ್ಚಿ, ಸವೆದ ನಾಣ್ಯವನ್ನು ಮೇಜಿನ ಮೇಲಿಟ್ಟು ಟಾರ್ಚನ್ನು ನೇರ ಮೇಲಿಂದ ಬಿಡಿ. ಏನೂ ಕಾಣುವುದಿಲ್ಲ. ಟಾರ್ಚನ್ನು ಮೇಜಿನ ಮಟ್ಟಕ್ಕೆ ತಂದು ಓರೆಯಾಗಿ ಬಿಡಿ. ಗೆರೆಗಳ ನೆರಳು ಬಿದ್ದು ಅಕ್ಷರ ಎದ್ದು ಕಾಣುತ್ತದೆ. ಸವೆದ ಶಾಸನ ಓದುವವರು ಮಾಡುವುದೂ ಇದನ್ನೇ. ಆದ್ದರಿಂದ ಕಲ್ಲು ನೋಡಲು ಹೋಗುವುದು ಬೆಳಗ್ಗೆ ಬೇಗ ಅಥವಾ ಸಂಜೆ. ಮಧ್ಯಾಹ್ನ ಹೋಗಬೇಕಾಗಿ ಬಂದರೆ ಒಂದು ಕನ್ನಡಿ ಒಯ್ದು ಬಿಸಿಲನ್ನು ಪಕ್ಕದಿಂದ ಹಾಯಿಸಿ.

ಹೊರಡುವ ಮುಂಚೆ ನೀವು ಒಮ್ಮೆ ಹೋಗಿ ನೋಡಿ ಬನ್ನಿ. ಹುತ್ತ, ಜೇನು, ಮುಳ್ಳು, ಪಾಳು ಬಾವಿ ಇದೆಯಾ ಗಮನಿಸಿ. ಪೋಷಕರ ಒಪ್ಪಿಗೆ, ಜೊತೆಗೆ ಇನ್ನೊಬ್ಬರು ದೊಡ್ಡವರು ಕಡ್ಡಾಯ. ಕೆಲವು ಊರಲ್ಲಿ ಆ ಕಲ್ಲಿಗೆ ಪೂಜೆ ನಡೆಯುತ್ತದೆ. ಪೂಜೆ ಮಾಡುವವರ ಹತ್ತಿರ ಮೊದಲು ಮಾತಾಡಿ. ಅಕ್ಷರ ಕಾಣಲಿ ಎಂದು ಸೀಮೆಸುಣ್ಣ, ಅರಿಶಿನ, ಎಣ್ಣೆ, ಬಣ್ಣ ಯಾವುದನ್ನೂ ಹಚ್ಚಬಾರದು. ತಂತಿ ಬ್ರಷ್ಷಿನಿಂದ ಉಜ್ಜಬಾರದು. ಕಾಗದವಿಟ್ಟು ಅಚ್ಚು ತೆಗೆಯುವುದೂ ಬೇಡ, ಆ ಆಸೆ ನಾಣ್ಯದಲ್ಲೇ ತೀರಲಿ. ನೋಡುವುದು, ಅಳೆಯುವುದು, ಚಿತ್ರ ಬರೆಯುವುದು, ಇಷ್ಟೇ.

ಸಾಮಾನ್ಯವಾಗಿ ವೀರಗಲ್ಲಿನಲ್ಲಿ ಮೂರು ಪಟ್ಟಿಗಳಿರುತ್ತವೆ, ಕೆಳಗಿಂದ ಮೇಲಕ್ಕೆ ಓದಬೇಕು. ಕೆಳಗೆ ಹೋರಾಟ. ನಡುವೆ ಸತ್ತ ವೀರನನ್ನು ಅಪ್ಸರೆಯರು ಕರೆದೊಯ್ಯುವುದು. ಮೇಲೆ ದೇವರ ಸನ್ನಿಧಿ, ಹೆಚ್ಚಾಗಿ ಶಿವಲಿಂಗ. ತುದಿಯಲ್ಲಿ ಸೂರ್ಯ, ಚಂದ್ರ. ಅವರಿಬ್ಬರು ಇರುವವರೆಗೆ ಈ ಹೆಸರು ಇರಲಿ ಎಂದು. ಇದನ್ನು ನೀವು ವಿವರಿಸುವ ಮುಂಚೆ ಹತ್ತು ನಿಮಿಷ ಮಕ್ಕಳೇ ಊಹಿಸಲಿ. ದನಗಳು ಕಾಣುತ್ತವಾ? ಹಾಗಿದ್ದರೆ ತುರು ಕಾಯುವ ಜಗಳ. ಹುಲಿ ಇದೆಯಾ? ಬಿಲ್ಲು, ಕತ್ತಿ, ಕುದುರೆ? ಬಳೆ ತೊಟ್ಟ ಕೈಯೊಂದು ಎದ್ದು ನಿಂತ ಹಾಗೆ ಕೆತ್ತಿದ್ದರೆ ಅದು ಮಾಸ್ತಿಕಲ್ಲು. ಗಂಡ ಸತ್ತಾಗ ಪ್ರಾಣ ಬಿಟ್ಟ ಹೆಂಗಸಿನ ಗುರುತು. ಮಕ್ಕಳು ಕೇಳಿದರೆ ಚುಟುಕಾಗಿ ನಿಜ ಹೇಳಿ, ಅದನ್ನು ಹಿರಿಮೆ ಎಂದು ಬಣ್ಣಿಸಬೇಡಿ.

ಶಾಲೆಗೆ ವಾಪಸು ಬಂದ ಮೇಲೆ ಕಾಳಿ ಎಂಬ ನಾಯಿಯ ಕಥೆ ಹೇಳಿ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ 949ರ ಹೊತ್ತಿನ ಕಲ್ಲಿನ ಮೇಲಿರುವ ಕಥೆ ಅದು. ರಾಷ್ಟ್ರಕೂಟರ ಪರವಾಗಿ ಗಂಗರ ರಾಜ ಇಮ್ಮಡಿ ಬೂತುಗನ ಜೊತೆ ಮಣಲೇರ ಎಂಬ ವೀರ ಚೋಳರ ವಿರುದ್ಧ ತಕ್ಕೋಲದಲ್ಲಿ ಕಾದಾಡಿದ. ಮೆಚ್ಚಿದ ರಾಜ ‘ಏನು ಬೇಕು ಕೇಳು’ ಅಂದ. ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ರಾಜನ ಬೇಟೆನಾಯಿ ಕಾಳಿಯನ್ನು ಕೇಳಿದ. ಮುಂದೆ ಆ ನಾಯಿ ದೊಡ್ಡ ಕಾಡುಹಂದಿಯ ಮೇಲೆ ಬಿತ್ತು. ಎರಡೂ ಸತ್ತವು. ಮಣಲೇರ ಆತಕೂರಿನ ದೇವಸ್ಥಾನದ ಮುಂದೆ ನಾಯಿಗಾಗಿ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟ. ಕಲ್ಲಿನ ಮೇಲೆ ನಾಯಿ, ಹಂದಿ ಎರಡೂ ಇವೆ. ಈಗ ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗ, ರಾಷ್ಟ್ರಕೂಟ, ಚೋಳ ಎಂಬ ಹೆಸರುಗಳು ಮಕ್ಕಳಿಗೆ ಈ ನಾಯಿಯ ಹಿಂದೆ ಹಿಂದೆ ತಾವಾಗಿ ಬರುತ್ತವೆ. ಹಗ್ಗದ ಮೇಲೆ ಹತ್ತೂ ಮುಕ್ಕಾಲು ಮೀಟರ್ ಹತ್ತಿರ ಕಾಳಿಯ ಚೀಟಿ ಹಾಕಲು ಎಲ್ಲರೂ ಓಡುತ್ತಾರೆ.

ಈಗ ಕೈಕೆಲಸ. ಇಟ್ಟಿಗೆ ಗೂಡಿನಿಂದಲೋ ಕುಂಬಾರರ ಮನೆಯಿಂದಲೋ ಜೇಡಿಮಣ್ಣು ತನ್ನಿ. ಪುಸ್ತಕದಷ್ಟು ಅಗಲದ ಹಲಗೆ ತಟ್ಟಿ, ಪ್ರತಿ ಗುಂಪು ತನ್ನ ಕಲ್ಲು ಮಾಡಲಿ. ಯಾರಿಗಾಗಿ ಅನ್ನುವುದನ್ನು ಅವರೇ ಮಾತಾಡಿ ತೀರ್ಮಾನಿಸಲಿ. ಕೆರೆಗೆ ಬಿದ್ದವರನ್ನು ಎತ್ತಿದವರು, ಊರಿನ ಆಶಾ ಕಾರ್ಯಕರ್ತೆ, ಸತ್ತುಹೋದ ಎತ್ತು, ಯಾರಾದರೂ ಆಗಬಹುದು. ಕೆಳಗೆ ಕಡ್ಡಿಯಿಂದ ಮೂರು ಸಾಲಿನ ಶಾಸನ: ಇಸವಿ, ಯಾರು, ಏನು ಮಾಡಿದರು, ನಿಲ್ಲಿಸಿದವರು ಯಾರು. ಹಳೆಯ ಶಾಸನಗಳ ಕೊನೆಯಲ್ಲಿ ಶಾಪ ಇರುತ್ತದೆ, ಇದನ್ನು ಕೆಡಿಸಿದವರಿಗೆ ವಾರಣಾಸಿಯಲ್ಲಿ ಕವಿಲೆ ಹಸುಗಳನ್ನು ಕೊಂದ ಪಾಪ ಬರಲಿ ಎಂದು. ಮಕ್ಕಳು ತಮ್ಮದೇ ಶಾಪ ಬರೆಯಲಿ. ಮಣ್ಣನ್ನು ನೆರಳಲ್ಲಿ ನಿಧಾನಕ್ಕೆ ಒಣಗಿಸಿ, ಬಿಸಿಲಿಗಿಟ್ಟರೆ ಸೀಳುತ್ತದೆ.

ಬಕೆಟ್ಟಿನಲ್ಲಿ ಉತ್ಖನನ

ಇದು ಒಂದು ಪೀರಿಯಡ್ಡಿನ ಕೆಲಸ. ಅಗಲ ಬಾಯಿಯ ಟಬ್ಬಿನಲ್ಲಿ ಕೆಳಗೆ ಕೆಮ್ಮಣ್ಣು, ಅದರ ಮೇಲೆ ಬೂದಿ, ಅದರ ಮೇಲೆ ಮರಳು ತುಂಬಿ. ಕೆಳಗಿನ ಪದರದಲ್ಲಿ ಮಡಕೆ ಚೂರು, ಕಲ್ಲಿನ ಚಕ್ಕೆ, ನಡುವೆ ಮಣಿ, ಹಳೆ ನಾಣ್ಯ, ಮೇಲೆ ಬಾಟಲಿ ಮುಚ್ಚಳ, ಚಾಕೊಲೇಟ್ ಕಾಗದ. ಚಮಚ ಮತ್ತು ಹಳೆ ಬ್ರಷ್ಷಿನಿಂದ ಪದರ ಪದರವಾಗಿ ತೆಗೆದು, ಸಿಕ್ಕಿದ್ದನ್ನು ಯಾವ ಪದರ ಎಂದು ಬರೆದ ಚೀಟಿಯ ಮೇಲೆ ಇಡಬೇಕು. ಒಬ್ಬ ಮಗು ಕೈ ಹಾಕಿ ಎಲ್ಲ ಕಲಕಿಬಿಟ್ಟರೆ ಬೈಯಬೇಡಿ. ‘ಈಗ ಯಾವುದು ಹಳೆಯದು ಅಂತ ಹೇಳಲು ಆಗುತ್ತಾ?’ ಎಂದು ಕೇಳಿ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿದಾಗ ಕಲ್ಲಿನ ಕೊಡಲಿ ಬಳಸಿದವರ ನೆಲೆ ಕೆಳಗಿನ ಪದರಗಳಲ್ಲಿ, ಕಬ್ಬಿಣ ಬಳಸಿದವರದು ಅದರ ಮೇಲಿನ ಪದರಗಳಲ್ಲಿ ಸಿಕ್ಕಿತು. ಯಾರು ಮೊದಲು, ಯಾರು ಆಮೇಲೆ ಎಂದು ತಿಳಿದದ್ದು ಈ ಪದರಗಳಿಂದಲೇ.

ನಾನು ಬೇಡ ಅನ್ನುವುದು

ಥರ್ಮೋಕೋಲ್ ಕೋಟೆ ಬೇಡ. ಅದನ್ನು ರಾತ್ರಿ ಹನ್ನೊಂದು ಗಂಟೆವರೆಗೆ ಕೂತು ಮಾಡುವವರು ಅಪ್ಪ-ಅಮ್ಮ. ಸ್ಟೇಷನರಿ ಅಂಗಡಿಯಲ್ಲಿ ಸಿಗುವ ರಾಜರ ಚಾರ್ಟು ಕತ್ತರಿಸಿ ಅಂಟಿಸುವ ‘ಪ್ರಾಜೆಕ್ಟ್’ ಅದಕ್ಕಿಂತ ಬೇಡ. ರಾಜ-ರಾಣಿಯ ವೇಷ ಹಾಕಿಸುವುದಾದರೆ ಕುಂಬಾರ, ಕಲ್ಲುಕುಟಿಗ, ಸೂಲಗಿತ್ತಿ, ಓಲೆಕಾರನ ವೇಷವೂ ಇರಲಿ, ಮತ್ತು ಕಿರೀಟ ಪ್ರತಿ ಸಲ ಬೆಳ್ಳಗಿರುವ, ಗಟ್ಟಿ ದನಿಯ ಮಗುವಿನ ತಲೆಗೇ ಹೋ‌ಗದಂತೆ ನೋಡಿಕೊಳ್ಳಿ. ಯುದ್ಧದ ಆಟ ಆಡಿಸುವಾಗ ತರಗತಿಯನ್ನು ಧರ್ಮದ, ಜಾತಿಯ ಹೆಸರಲ್ಲಿ ಎರಡು ಗುಂಪು ಮಾಡುವಂಥ ಕಥೆಯನ್ನು ಎತ್ತಿಕೊಳ್ಳಲೇಬೇಡಿ. ಆರು ನೂರು ವರ್ಷ ಹಿಂದಿನ ಜಗಳವನ್ನು ಊಟದ ಬಿಡುವಿನಲ್ಲಿ ಮುಂದುವರಿಸುವಷ್ಟು ಚಿಕ್ಕವರು ಅವರು.

ಕಲಿತರಾ ಎಂದು ನೋಡುವುದು

ಇಸವಿ ಕೇಳಬೇಡಿ. ಮಕ್ಕಳು ಹಿಂದೆ ನೋಡಿರದ ಒಂದು ವಸ್ತುವನ್ನು ಅಥವಾ ಹಳೆಯ ಫೋಟೋವನ್ನು ಮೇಜಿನ ಮೇಲಿಟ್ಟು ಎರಡು ವಾಕ್ಯ ಪೂರ್ತಿ ಮಾಡಲು ಹೇಳಿ: ‘ಇದನ್ನು ನೋಡಿದರೆ ನನಗೆ ಗೊತ್ತಾಗುವುದು…’, ‘ಇದರಿಂದ ಗೊತ್ತಾಗದೆ ಉಳಿಯುವುದು…’. ವರ್ಷದ ಶುರುವಿನಲ್ಲಿ ಒಮ್ಮೆ, ಕೊನೆಯಲ್ಲಿ ಒಮ್ಮೆ ಬರೆಯಿಸಿ ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಎರಡನೇ ವಾಕ್ಯ ಉದ್ದ ಆಗಿದ್ದರೆ ಮಗು ಕಲಿತಿದೆ.

ಕೊನೆಗೆ ಒಂದು ಸಂಜೆ ಊರಿನವರಿಗೆ ಪ್ರದರ್ಶನ ಇಡಿ, ಎಸ್‌ಡಿಎಂಸಿಯವರನ್ನೂ (ಶಾಲಾಭಿವೃದ್ಧಿ ಸಮಿತಿ) ಕರೆಯಿರಿ. ಪ್ರತಿ ವಸ್ತುವಿನ ಪಕ್ಕ ಮಗುವಿನ ಕೈಬರಹದ ಚೀಟಿ ಇರಲಿ, ವಿವರಿಸುವುದೂ ಮಗುವೇ. ಮನೆಗಳಿಂದ ಬಂದ ಸಾಮಾನಿಗೆ ಮೊದಲ ದಿನವೇ ಒಂದು ನೋಟ್‌ಬುಕ್ಕಿನಲ್ಲಿ ಯಾರದು, ಯಾವತ್ತು ಬಂತು, ಹೇಗಿತ್ತು ಎಂದು ಬರೆದಿಟ್ಟಿರಬೇಕು. ಪ್ರದರ್ಶನ ಮುಗಿದ ಮರುದಿನ ಆ ಪಟ್ಟಿ ಹಿಡಿದು ಒಂದೊಂದನ್ನೇ ವಾಪಸು ಕೊಟ್ಟು ಸಹಿ ಹಾಕಿಸಿಕೊಳ್ಳಿ. ಈ ಲೆಕ್ಕವನ್ನು ಐದನೇ ತರಗತಿಯ ಇಬ್ಬರು ಮಕ್ಕಳಿಗೇ ವಹಿಸಬಹುದು.